ಕ್ರಾಲರ್ ಮಗುಚುತ್ತಿದೆಯೇ? ಮೋಟಾರ್ ಬದಲಿಸಬೇಡಿ

ಪ್ರಶ್ನೆ: ಸ್ಪರ್ಧೆಗೆಂದು 1/10 ಅಳತೆಯ ರಿಮೋಟ್ ಕಂಟ್ರೋಲ್ ರಾಕ್ ಕ್ರಾಲರ್ ಕಟ್ಟಿದ್ದೇನೆ. ಕಡಿದಾದ ಬಂಡೆ ಏರುವಾಗ ಹಿಂದಕ್ಕೆ ಮಗುಚುತ್ತದೆ. ಕಲ್ಲಿಗೆ ಸಿಕ್ಕ ಚಕ್ರವನ್ನು ತಿರುಗಿಸಿದರೆ ಗಾಡಿ ಕ್ಷಣಕಾಲ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ. ಜೋರಾದ ಮೋಟಾರ್ ಹಾಕಲೇ?

ಉತ್ತರ: ಬೇಡ. ನಿಮ್ಮದು ಶಕ್ತಿಯ ಕೊರತೆಯಲ್ಲ. ತೂಕ ಮತ್ತು ವಿದ್ಯುತ್ತಿನ ಸಮಸ್ಯೆ.

ಮೊದಲು ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಒಂದೇ ಎತ್ತರದ ಎರಡು ಅಡುಗೆಮನೆ ತಕ್ಕಡಿಗಳ ಮೇಲಿಟ್ಟು ತೂಗಿ. ಸುಮಾರು ಶೇ 60ರಷ್ಟು ಭಾರ ಮುಂದಿರಲಿ. ಬ್ಯಾಟರಿಯನ್ನು ಮುಂದಕ್ಕೆ, ಆದಷ್ಟು ಕೆಳಕ್ಕೆ ಸರಿಸಿ. ಸಾಲದಿದ್ದರೆ ಮುಂದಿನ ಆಕ್ಸೆಲ್‌ಗೆ ಹಿತ್ತಾಳೆ ಭಾಗಗಳನ್ನು ಹಾಕಿ. ಬಾಡಿಯ ಮೇಲ್ಭಾಗ ಹಗುರವಾಗಿರಲಿ. ಆಮೇಲೂ ಮಗುಚಿದರೆ, ಮುಂದಿನ ಚಕ್ರಗಳು ತುಸು ವೇಗವಾಗಿ ತಿರುಗುವಂತೆ ಮಾಡುವ ಓವರ್‌ಡ್ರೈವ್ ಗೇರ್ ಹಾಕಿಸಿ.

ಗಾಡಿ ಬಂದ್ ಆಗುವುದಕ್ಕೆ ಬಹುಶಃ ಚಕ್ರ ತಿರುಗಿಸುವ ಸ್ಟೀರಿಂಗ್ ಸರ್ವೋ ಕಾರಣ. ಅದು ಸಿಕ್ಕಿಕೊಂಡಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ರಿಸೀವರ್‌ನ ವೋಲ್ಟೇಜ್ ಕುಸಿಯುತ್ತದೆ. ಸರ್ವೋದ ಸ್ಟಾಲ್ ಕರೆಂಟ್ ತಾಳಬಲ್ಲ ಪ್ರತ್ಯೇಕ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ಅಳವಡಿಸಿ. ಅದರ ವೋಲ್ಟೇಜ್ ಸರ್ವೋದ ಮಿತಿ ಮೀರದಿರಲಿ. ಅದರಿಂದಲೇ ರಿಸೀವರ್‌ಗೂ ವಿದ್ಯುತ್ ಕೊಡುವುದಾದರೆ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಕೆಂಪು ತಂತಿಯನ್ನು ಕಳಚಿ ಟೇಪ್ ಸುತ್ತಿ.

ಹಣ ಹಾಕುವ ಮೊದಲು ಸ್ಪರ್ಧೆಯ ನಿಯಮಾವಳಿ ಓದಿ: ನಿಮ್ಮ ವರ್ಗಕ್ಕೆ ಟೈರ್ ಗಾತ್ರ, ವೀಲ್‌ಬೇಸ್ ಮಿತಿ ಇರಬಹುದು.

ಬೆಸುಗೆ ಅಭ್ಯಾಸವಿಲ್ಲದಿದ್ದರೆ ವೈರಿಂಗನ್ನು ಆರ್‌ಸಿ ಅಂಗಡಿಯ ತಂತ್ರಜ್ಞರಿಗೆ ಒಪ್ಪಿಸಿ. ಲಿಪೊ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.