ಕಠಿಣ ಪರೀಕ್ಷೆ: ನಿದ್ದೆಗೆಟ್ಟು ಓದಿದರೆ ನೆನಪು ಉಳಿಯದು

ಅಮೆರಿಕದಲ್ಲಿ ಓದುತ್ತಿರುವ ಮಗಳ ಬಗ್ಗೆ ತಾಯಿಯೊಬ್ಬರು ಕೇಳಿದ್ದಾರೆ: "ಅವಳು ಆಸ್ಟ್ರಿಯನ್ ಅರ್ಥಶಾಸ್ತ್ರದ ಆನರ್ಸ್ ಪರೀಕ್ಷೆಗೆ ಕೂರಲಿದ್ದಾಳೆ. ರಾತ್ರಿ ಎರಡಾದರೂ ಮಲಗುವುದಿಲ್ಲ, ಕಾಫಿಯ ಮೇಲೆ ಕಾಫಿ. ಓದಿದ್ದೆಲ್ಲ ಮರೆತುಹೋಗುತ್ತಿದೆ ಅಮ್ಮಾ ಎಂದು ಫೋನಿನಲ್ಲಿ ಅಳುತ್ತಾಳೆ. ನೆನಪಿನ ಶಕ್ತಿಗೆ ಟಾನಿಕ್ ಏನಾದರೂ ಇದೆಯೇ?"

ಇಂಥ ಟಾನಿಕ್ ಯಾವುದೂ ಇಲ್ಲ. ಮರೆವಿಗೆ ಕಾರಣವೂ ಬುದ್ಧಿಯ ಕೊರತೆಯಲ್ಲ, ಓದುವ ಕ್ರಮ.

ಪರೀಕ್ಷೆ ಎಂಥದು?

ಅಲಬಾಮಾ ರಾಜ್ಯದ ಆಬರ್ನ್ ಪಟ್ಟಣದಲ್ಲಿರುವ ಮೀಸಸ್ ಸಂಸ್ಥೆ ಬೇಸಿಗೆಯಲ್ಲಿ ಒಂದು ವಾರದ ಪಾಠಶಿಬಿರ ನಡೆಸುತ್ತದೆ. ಕೊನೆಗೆ ಲಿಖಿತ ಪರೀಕ್ಷೆ. ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಪ್ರಾಧ್ಯಾಪಕರ ಎದುರು ಮೌಖಿಕ ಪರೀಕ್ಷೆ. ಕಾರ್ಲ್ ಮೆಂಗರ್ 1871ರಲ್ಲಿ ಬರೆದ ಗ್ರಂಥದಿಂದ ಹಿಡಿದು, ಮೀಸಸ್ 1949ರಲ್ಲಿ ಪ್ರಕಟಿಸಿದ ಸುಮಾರು 900 ಪುಟಗಳ 'ಹ್ಯೂಮನ್ ಆ್ಯಕ್ಷನ್', 1974ರ ನೊಬೆಲ್ ಪುರಸ್ಕಾರ ಹಂಚಿಕೊಂಡ ಹಾಯೆಕ್‌ರ ವಿಚಾರಗಳವರೆಗೆ ಓದಬೇಕಾದ್ದು ಬಹಳ. ಇಲ್ಲಿ ಲೆಕ್ಕ, ಸೂತ್ರಗಳಿಗಿಂತ ತರ್ಕ ಮುಖ್ಯ. ಒಂದು ಮಾತಿನಿಂದ ಇನ್ನೊಂದು ಹೇಗೆ ಹೊರಡುತ್ತದೆ ಎಂದು ಬಾಯಿಬಿಟ್ಟು ವಿವರಿಸಬೇಕು. ನಿದ್ದೆಗೆಟ್ಟ ಮಿದುಳಿಗೆ ಅತಿ ಕಷ್ಟವಾಗುವ ಕೆಲಸ ಇದೇ.

ಐದು ಮೂಟೆ ಧಾನ್ಯ

ಈ ಪಂಥದ ಬೋಮ್-ಬಾವರ್ಕ್ ಕೊಟ್ಟ ಉದಾಹರಣೆಯೊಂದು ಪ್ರಸಿದ್ಧ. ಕಾಡಿನಲ್ಲಿ ಒಂಟಿಯಾಗಿರುವ ರೈತನ ಬಳಿ ಐದು ಮೂಟೆ ಧಾನ್ಯವಿದೆ. ಮೊದಲನೆಯದು ಜೀವ ಉಳಿಸಲು, ಎರಡನೆಯದು ಮೈಯಲ್ಲಿ ಕಸುವು ತುಂಬಲು, ಮೂರನೆಯದು ಕೋಳಿಗಳಿಗೆ, ನಾಲ್ಕನೆಯದು ಮದ್ಯ ತಯಾರಿಸಲು, ಐದನೆಯದು ಮೋಜಿಗೆ ಸಾಕಿದ ಗಿಳಿಗಳಿಗೆ. ಒಂದು ಮೂಟೆ ಕಳೆದುಹೋದರೆ ಅವನು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದಿಲ್ಲ. ಗಿಳಿಗಳ ಪಾಲನ್ನಷ್ಟೇ ಬಿಡುತ್ತಾನೆ. ಹಾಗಾಗಿ ಒಂದು ಮೂಟೆಯ ಬೆಲೆ ನಿರ್ಧಾರವಾಗುವುದು ಅದರ ಕಟ್ಟಕಡೆಯ ಉಪಯೋಗದಿಂದ. ಇದೇ ಸೀಮಾಂತ ತುಷ್ಟಿಗುಣ.

ವಿದ್ಯಾರ್ಥಿಯ ದಿನದ ಗಂಟೆಗಳೂ ಹೀಗೆಯೇ. ಸಮಯ ಸಾಲದೆ ಬಂದಾಗ ಹೆಚ್ಚಿನವರು ಮೊದಲು ಬಿಡುವುದು ನಿದ್ದೆಯನ್ನು, ಅಂದರೆ ಜೀವ ಉಳಿಸುವ ಮೊದಲ ಮೂಟೆಯನ್ನೇ! ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಬಿಡಬೇಕಾದ್ದು ಗಿಳಿಗಳನ್ನು: ನಾಲ್ಕನೆಯ ಬಾರಿ ತಿರುವಿಹಾಕುವ ಅದೇ ಪುಟಗಳು, ಗುರಿಯಿಲ್ಲದೆ ನೋಡುವ ಮೊಬೈಲು.

ಕಾಫಿಯ ಸಾಲ

ಬ್ಯಾಂಕುಗಳು ನಿಜವಾದ ಉಳಿತಾಯವಿಲ್ಲದೆ ಅಗ್ಗದ ಸಾಲ ಹಂಚಿದರೆ ಉದ್ಯಮಗಳು ಉಬ್ಬಿ ನಂತರ ಕುಸಿಯುತ್ತವೆ ಎನ್ನುತ್ತದೆ ಈ ಪಂಥದ ವ್ಯಾಪಾರ ಚಕ್ರ ಸಿದ್ಧಾಂತ. ಕಾಫಿಯೂ ಇಂಥ ಸಾಲವೇ. ಅದರಲ್ಲಿರುವ ಕೆಫೀನ್ ಆಯಾಸದ ಸೂಚನೆ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ಆಯಾಸವನ್ನು ಕಳೆಯುವುದಿಲ್ಲ. ಕುಡಿದ ಸುಮಾರು ಐದು ಗಂಟೆಗಳ ನಂತರವೂ ಅರ್ಧದಷ್ಟು ಕೆಫೀನ್ ದೇಹದಲ್ಲೇ ಇರುತ್ತದೆ. ಆದ್ದರಿಂದ ಮಧ್ಯಾಹ್ನ ಊಟದ ನಂತರ ಕಾಫಿ ಬೇಡ.

ಓದುವುದು ಹೇಗೆ?

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದವರು. ಆದ್ದರಿಂದ:

* ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಅದರ ತರ್ಕವನ್ನು ಹತ್ತು ಸಾಲಿನಲ್ಲಿ ಬರೆಯಬೇಕು. ತಪ್ಪಿದ ಕಡೆ ಮಾತ್ರ ತೆರೆದು ನೋಡಬೇಕು.
* ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಅದನ್ನೇ ಮತ್ತೆ ನೆನಪಿಸಿಕೊಳ್ಳಬೇಕು.
* ಐವತ್ತು ನಿಮಿಷ ಓದಿದರೆ ಹತ್ತು ನಿಮಿಷ ಎದ್ದು ಅಡ್ಡಾಡಬೇಕು.
* ಪರೀಕ್ಷೆಯ ಹಿಂದಿನ ರಾತ್ರಿ ಹೊಸ ವಿಷಯ ಬೇಡ.

ಮೌಖಿಕ ಪರೀಕ್ಷೆಯ ಎದೆಬಡಿತ

ಬಾಯಿ ಒಣಗುವುದು, ಕೈ ನಡುಗುವುದು ಕಾಯಿಲೆಯಲ್ಲ, ಅಡ್ರಿನಲಿನ್‌ನ ಪರಿಣಾಮ. ಉಸಿರನ್ನು ಒಳಗೆಳೆದಷ್ಟಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು ಮುಂಚೆಯೇ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳುವುದು. ತಾಯಂದಿರು ಇಲ್ಲಿ ನೆರವಾಗಬಹುದು. "ಎಷ್ಟು ಓದಿದೆ?" ಎಂದು ಕೇಳುವ ಬದಲು "ಆ ಐದು ಮೂಟೆಯ ಕತೆ ನನಗೆ ಹೇಳು" ಎನ್ನಿ. ಅರ್ಥಶಾಸ್ತ್ರ ಗೊತ್ತಿಲ್ಲದ ನಿಮಗೆ ತಿಳಿಯುವಂತೆ ಹೇಳಬಲ್ಲಳಾದರೆ ಪ್ರಾಧ್ಯಾಪಕರಿಗೂ ಹೇಳಬಲ್ಲಳು.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಲೇಬೇಕು. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರಂತೂ ಅದೇ ದಿನ ನೆರವು ಪಡೆಯಬೇಕು. ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು. ಪರೀಕ್ಷೆಯನ್ನು ಮುಂದಿನ ವರ್ಷವೂ ಬರೆಯಬಹುದು. ಆರೋಗ್ಯ ಹಾಗಲ್ಲ ಎಂಬುದನ್ನು ಇಂದೇ ಮಗಳಿಗೆ ಹೇಳಿ.