ಮೋಟಾರು ವಾಹನದ ಬ್ರೇಕ್ ಪೆಡಲು ಮೆತ್ತಗಾಗುವುದು ಮತ್ತು ಕುಸಿಯುವುದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಈರುಳ್ಳಿ, ಶೇಂಗಾ, ತೆಂಗು, ಅಡಿಕೆ ಮೊದಲಾದ ಫಸಲುಗಳು ಈಗ ಮೋಟಾರು ವಾಹನಗಳಲ್ಲಿಯೇ ಪೇಟೆಗೆ ಹೋಗುತ್ತವೆ. ಜಮೀನುದಾರರ ಕಾರು, ಜೀಪುಗಳು ಭೀಮಸಮುದ್ರದ ಅಡಿಕೆ ಪೇಟೆಗೂ, ಹಿರಿಯೂರು ಚಿತ್ರದುರ್ಗಗಳ ಮೇಲೆ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಗೂ ಹೋಗಿ ಬರುತ್ತಿರುತ್ತವೆ. ಎತ್ತು ಕುಂಟಿದರೆ ಗಾಡಿ ಹೂಡದ ಯಜಮಾನರು, ಬ್ರೇಕು ಮೆತ್ತಗಾದಾಗ ಮಾತ್ರ ಎರಡು ಸಲ ತುಳಿದರೆ ಹಿಡಿಯುತ್ತದೆಂದು ಸಮಾಧಾನ ಪಟ್ಟುಕೊಂಡು ಪ್ರಯಾಣ ಬೆಳೆಸುವುದುಂಟು. ಇದು ಪ್ರಾಣಾಪಾಯಕರವಾದ ಅಭ್ಯಾಸ. ಮೆತ್ತಗಾಗುವುದು ಬೇರೆ, ಕುಸಿಯುವುದು ಬೇರೆ. ಇವೆರಡರ ಭೇದವನ್ನು ಅರಿತರೆ ರೋಗದ ಮೂಲವು ಬಹುಮಟ್ಟಿಗೆ ಗೊತ್ತಾಗುತ್ತದೆ.

ಬ್ರೇಕು ಕೆಲಸ ಮಾಡುವ ರೀತಿ

ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಕೊಳವೆಗಳ ಮೂಲಕ ಒತ್ತಲ್ಪಟ್ಟು, ಚಕ್ರಗಳ ಬಳಿ ಇರುವ ಪ್ಯಾಡು ಅಥವಾ ಶೂಗಳನ್ನು ಅದುಮುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವಕ್ಕೆ ಒಂದು ಕಡೆ ಕೊಟ್ಟ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದು 17ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲನು ನಿರೂಪಿಸಿದ ತತ್ತ್ವ. ದ್ರವವು ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿಯು ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಹಿಡಿಯು ಒಳಸರಿದು ಮತ್ತೆ ಪುಟಿಯುವಂತೆಯೇ, ಕೊಳವೆಯಲ್ಲಿ ಗಾಳಿ ಸೇರಿದ ಪೆಡಲು ಸ್ಪಂಜಿನಂತೆ ಮೆತ್ತಗಿರುತ್ತದೆ.

ಅನೇಕ ಟ್ರಾಕ್ಟರುಗಳ ಬ್ರೇಕು ಸರಳುಗಳಿಂದ ನಡೆಯುವುದರಿಂದ ಈ ಕ್ರಮವು ಅವಕ್ಕೆ ಅನ್ವಯಿಸದು.

ಪರೀಕ್ಷಿಸುವ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನನ್ನು ನಿಲ್ಲಿಸತಕ್ಕದ್ದು. ಪೆಡಲನ್ನು ನಾಲ್ಕೈದು ಸಲ ತುಳಿದು ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವನ್ನು ತೀರಿಸಿ, ಕಾಲು ತೆಗೆದು ಒಂದು ನಿಮಿಷ ಬಿಡಬೇಕು. ಅನಂತರ ಮುಂದಿನಂತೆ ನೋಡಬೇಕು.

1. ಒಂದು ಸಲ ತುಳಿದಾಗ ಪೆಡಲು ಪುಟಿಯುವಂತೆ ಮೆತ್ತಗಿದ್ದು, ಮೇಲಿಂದ ಮೇಲೆ ತುಳಿದರೆ ಮೇಲೇರಿ ಗಟ್ಟಿಯಾದರೆ, ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ಎಷ್ಟು ತುಳಿದರೂ ಮೆತ್ತಗೇ ಇದ್ದರೆ, ಹಳೆಯ ರಬ್ಬರ್ ಹೋಸು ಒತ್ತಡಕ್ಕೆ ಉಬ್ಬುತ್ತಿದೆಯೇ ಎಂಬುದನ್ನೂ ಮತ್ತೊಬ್ಬರಿಂದ ನೋಡಿಸಬೇಕು.

2. ಪೆಡಲು ಬಹಳ ಕೆಳಗೆ ಹೋದ ಮೇಲೆ ಗಟ್ಟಿಯಾಗಿ ನಿಂತು, ಎರಡನೆಯ ಸಲಕ್ಕೆ ಮೇಲೇ ಹಿಡಿದರೆ, ಹಿಂದಿನ ಡ್ರಮ್ಮಿನ ಶೂಗಳು ಸವೆದಿವೆ ಅಥವಾ ಅವುಗಳ ಅಂತರವನ್ನು ಸರಿಪಡಿಸಬೇಕಾಗಿದೆ. ಚಕ್ರದ ಬೇರಿಂಗ್ ಸಡಿಲವಾಗಿದ್ದರೂ ಹೀಗಾಗಬಹುದು.

3. ಕಾಲನ್ನು ಒಂದೇ ಸಮನಾಗಿ ಒತ್ತಿ ಮೂವತ್ತು ಎಣಿಸುವುದರೊಳಗೆ ಪೆಡಲು ಮೆಲ್ಲಗೆ ಇಳಿಯುತ್ತಾ ಹೋದರೆ, ಒತ್ತಡವು ಎಲ್ಲಿಯೋ ಸೋರುತ್ತಿದೆ. ಆಯಿಲಿನ ಮಟ್ಟವೂ ಇಳಿಯುತ್ತಿದ್ದರೆ ಸೋರಿಕೆ ಹೊರಗಿದೆ: ಚಕ್ರಗಳ ಒಳಮೈ, ಹೋಸು, ಕೊಳವೆಯ ಕೂಡುಗಳು, ಪೆಡಲಿನ ಮೇಲ್ಭಾಗ, ಇವುಗಳಲ್ಲಿ ತೇವವನ್ನು ಹುಡುಕಬೇಕು. ಎಲ್ಲಿಯೂ ತೇವವಿಲ್ಲದಿದ್ದರೆ ಆಯಿಲು ಬೂಸ್ಟರಿನೊಳಕ್ಕೆ ಇಳಿಯುತ್ತಿರಬಹುದು. ಮಟ್ಟವು ಕಿಂಚಿತ್ತೂ ಇಳಿಯದೆ ಪೆಡಲು ಮಾತ್ರ ಕುಸಿದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರುಗಳು ಸವೆದಿರುವುದೇ ಸಾಮಾನ್ಯವಾದ ಕಾರಣ.

4. ಪೆಡಲನ್ನು ಒತ್ತಿಯೇ ಎಂಜಿನನ್ನು ಚಾಲೂ ಮಾಡಿದಾಗ ಅದು ಸ್ವಲ್ಪ ಇಳಿದು ನಿಲ್ಲುವುದು ದೋಷವಲ್ಲ. ಬೂಸ್ಟರು ಸರಿಯಾಗಿದೆಯೆಂಬುದಕ್ಕೆ ಅದೇ ಗುರುತು. ಇದನ್ನು ಕುಸಿತವೆಂದು ಭಾವಿಸಿ ಹಣ ವೆಚ್ಚಮಾಡಬಾರದು.

ಇಳಿಜಾರಿನಲ್ಲಿ ಮಾತ್ರ ತೋರುವ ದೋಷ

ಬೆಳಿಗ್ಗೆ ಗಟ್ಟಿಯಾಗಿದ್ದ ಪೆಡಲು ದೀರ್ಘವಾದ ಇಳಿಜಾರಿನಲ್ಲಿ ಮೆತ್ತಗಾದರೆ ಹಳೆಯ ಆಯಿಲನ್ನು ಶಂಕಿಸಬೇಕು. ಸಾಮಾನ್ಯ ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಜಾತಿಯು ಹೊಸದಾಗಿದ್ದಾಗ ಕನಿಷ್ಠಪಕ್ಷ 205 ಡಿಗ್ರಿ ಸೆಲ್ಷಿಯಸ್ ಶಾಖದವರೆಗೆ ಕುದಿಯಬಾರದು, ನೂರಕ್ಕೆ 3.7 ಭಾಗದಷ್ಟು ನೀರು ಸೇರಿದರೆ ಈ ಮಿತಿಯು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಗಳು 230 ಮತ್ತು 155. ಹೊರೆ ಹೊತ್ತ ವಾಹನದ ಬ್ರೇಕು ಕಾದಾಗ ಆಯಿಲು ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಆದುದರಿಂದ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲನ್ನು ಬದಲಾಯಿಸುವುದು ಅವಶ್ಯಕ.

ಪರಿಹಾರ

ಸೋರಿಕೆಯನ್ನು ನಿಲ್ಲಿಸದೆ ಆಯಿಲು ಸುರಿಯುತ್ತಿರುವುದು ತೂತಾದ ಬಾನೆಗೆ ನೀರು ತುಂಬಿದಂತೆ. ಗಾಳಿ ತೆಗೆಸುವಾಗ ತಯಾರಕರ ಪುಸ್ತಕದಲ್ಲಿ ಹೇಳಿದ ಚಕ್ರಗಳ ಕ್ರಮವನ್ನೇ ಅನುಸರಿಸಿ, ಡಬ್ಬಿಯಲ್ಲಿ ಆಯಿಲು ಬರಿದಾಗದಂತೆ ನೋಡಿಕೊಳ್ಳಬೇಕು. ಹೊರಬಂದ ಆಯಿಲನ್ನು ಮತ್ತೆ ಹಾಕಕೂಡದು. ಎಂಜಿನ್ ಆಯಿಲು, ಸೀಮೆಎಣ್ಣೆಗಳ ಒಂದು ತೊಟ್ಟನ್ನೂ ಸೇರಿಸಕೂಡದು. ಅವು ರಬ್ಬರುಗಳನ್ನು ಉಬ್ಬಿಸಿ ಇಡೀ ವ್ಯವಸ್ಥೆಯನ್ನೇ ಕೆಡಿಸುತ್ತವೆ.

ದಾರಿಯಲ್ಲಿ ಪೆಡಲು ಕುಸಿದರೆ ಗಾಬರಿಗೊಳ್ಳದೆ ಮೇಲಿಂದ ಮೇಲೆ ತುಳಿಯುತ್ತಾ, ಒಂದೊಂದಾಗಿ ಗೇರನ್ನು ಇಳಿಸುತ್ತಾ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು ನಿಲ್ಲಿಸಬೇಕು. ಎಂಜಿನನ್ನು ಆರಿಸಬಾರದು.

ಕಟಾವಿನ ಕಾಲದಲ್ಲಿ ಕೂಲಿಯಾಳುಗಳು ಯಜಮಾನರ ಮಾತನ್ನು ನಂಬಿ ವಾಹನ ಹತ್ತುತ್ತಾರೆ. ಆದಕಾರಣ ಗ್ರಾಮದ ಮುಖಂಡರು ಪ್ರತಿದಿನವೂ ಹೊರಡುವ ಮುನ್ನ ಪೆಡಲನ್ನು ತುಳಿದು ನೋಡುವ ಪದ್ಧತಿಯನ್ನು ರೂಢಿಗೆ ತರುವುದು ಯುಕ್ತ. ದೋಷ ಕಂಡ ವಾಹನವು ದುರಸ್ತಿಯಾಗುವವರೆಗೆ ಕೊಟ್ಟಿಗೆಯಲ್ಲಿಯೇ ಇರತಕ್ಕದ್ದು. ಒಂದು ದಿನದ ಪೇಟೆ ತಪ್ಪಿದರೆ ಆಗುವ ನಷ್ಟವನ್ನು ಮುಂದಿನ ಪೇಟೆಯಲ್ಲಿ ತುಂಬಿಕೊಳ್ಳಬಹುದು.