ಮಾವನ ಗುಳಿಗೆ, ತಂಗಡಿ ಹೂವಿನ ಕಷಾಯ

ಪ್ರಶ್ನೆ: ನನ್ನ ತವರು ದೇವದುರ್ಗ, ಗಂಡನ ಮನೆ ಮಾನ್ವಿ. ಮಾವನವರಿಗೆ ಎಂಟು ವರ್ಷದಿಂದ ಶುಗರ್. ರಾಯಚೂರಿನಲ್ಲಿ ಯಾರೋ ‘ತಂಗಡಿ ಹೂವಿನಲ್ಲಿ ಫ್ಲೇವನಾಯ್ಡ್ ಇದೆ, ಗುಳಿಗೆ ಬೇಕಿಲ್ಲ’ ಅಂದರಂತೆ. ಎರಡು ತಿಂಗಳಿಂದ ಮೆಟ್‌ಫಾರ್ಮಿನ್ ಬಿಟ್ಟು ಬರೀ ಕಷಾಯ ಕುಡಿಯುತ್ತಿದ್ದಾರೆ. ಮೊನ್ನೆ ಖಾಲಿ ಹೊಟ್ಟೆಯಲ್ಲಿ 238 ಬಂತು. ಸೊಸೆಯಾಗಿ ನಾನು ಹೇಗೆ ಹೇಳಲಿ ಅಕ್ಕ?

ಉತ್ತರ: ತಂಗಿ, ಮಾವನವರು ಕೇಳಿಬಂದದ್ದು ಪೂರ್ತಿ ಸುಳ್ಳಲ್ಲ. ‘ಎಲ್ಲಾ ಬುರುಡೆ’ ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುರಿಯುತ್ತದೆ.

ಫ್ಲೇವನಾಯ್ಡ್ ಅಂದರೆ ಗಿಡಗಳು ಹೂ, ತೊಗಟೆ, ಸಿಪ್ಪೆಯಲ್ಲಿ ಕೂಡಿಟ್ಟುಕೊಳ್ಳುವ ರಾಸಾಯನಿಕಗಳ ದೊಡ್ಡ ಬಳಗ. ರೊಟ್ಟಿ ಜೊತೆ ಕಡಿಯುವ ಉಳ್ಳಾಗಡ್ಡಿಯಲ್ಲೂ ಕ್ವೆರ್ಸೆಟಿನ್ ಎಂಬುದಿದೆ. ಪ್ರಯೋಗಾಲಯದಲ್ಲಿ ಇಂಥವು ಇಲಿಗಳ ಸಕ್ಕರೆ ಇಳಿಸಿವೆ. ಮನುಷ್ಯರ ಕರುಳು ಮಾತ್ರ ಇವನ್ನು ಹೀರಿಕೊಳ್ಳುವುದು ಕಡಿಮೆ.

ಮಾವನವರಿಗೆ ಈ ಕಥೆ ತಲುಪಬೇಕು. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಫ್ಲೇವನಾಯ್ಡ್ ಸಿಕ್ಕಿತು. 1886ರಲ್ಲಿ ಜರ್ಮನಿಯ ವೈದ್ಯ ಫಾನ್ ಮೆರಿಂಗ್, ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ ಎಂದು ತೋರಿಸಿದ. ಆದರೆ ಬಾಯಿಂದ ಕೊಟ್ಟರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಆಮೇಲೆ ರಸಾಯನತಜ್ಞರು ಅದರ ರಚನೆಯನ್ನೇ ತಿದ್ದಿ ತಿದ್ದಿ ಡಾಪಾಗ್ಲಿಫ್ಲೋಜಿನ್‌ನಂಥ ಶುಗರ್ ಗುಳಿಗೆಗಳನ್ನು ಮಾಡಿದರು. ಭಾರತದಲ್ಲಿ 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಅಂತೂ ತೊಗಟೆ ಗುಳಿಗೆಯಾಗಲು ಸುಮಾರು ಒಂದೂಮುಕ್ಕಾಲು ಶತಮಾನ ಹಿಡಿಯಿತು. ನಮ್ಮ ತಂಗಡಿ ಇನ್ನೂ ಅಷ್ಟು ದಾರಿ ನಡೆದಿಲ್ಲ. ನದಿಯಾಚೆಯ ತೆಲಂಗಾಣ ಅದನ್ನು ರಾಜ್ಯಪುಷ್ಪ ಮಾಡಿಕೊಂಡಿದೆ, ಚೆಂದದ ಹೂವೇ. ಆದರೆ ಒಂದು ಹಿಡಿ ಹೂವಿನಲ್ಲಿ ಔಷಧ ಎಷ್ಟು ಅಂತ ಯಾರು ಅಳೆದುಕೊಡುತ್ತಾರೆ?

ಇನ್ನು ಹೇಳುವವರು ಯಾರು ಅನ್ನುವುದು. ನೀನಲ್ಲ, ಅತ್ತೆಯವರು. ಅವರಿಗೆ ಮೊದಲು 238ರ ಚೀಟಿ ತೋರಿಸು. ‘ಕಷಾಯ ಬಿಡಿ’ ಅನ್ನುವ ಬದಲು ‘ಆ ಹೂವನ್ನೂ ತಗೊಂಡು ಡಾಕ್ಟರಿಗೆ ತೋರಿಸೋಣ ನಡೀರಿ’ ಅನ್ನಲಿ. ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ, ಕಿಡ್ನಿ ಪರೀಕ್ಷೆ ಬಗ್ಗೆ ಕೇಳಿ. ಹಳೆಯ ಗುಳಿಗೆಯನ್ನು ನೀವಾಗಿ ಮತ್ತೆ ಶುರುಮಾಡಬೇಡಿ. ಗುಳಿಗೆ ಜೊತೆಗೂ ಕಷಾಯ ಕುಡಿಯುವುದಾದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಸಕ್ಕರೆ ದಿಢೀರನೆ ಕುಸಿಯಬಹುದು. ಹೆಸರಿಲ್ಲದ ಪುಡಿ ಪೊಟ್ಟಣ ಬೇಡವೇ ಬೇಡ. ಅಂಥವುಗಳಲ್ಲಿ ಶುಗರ್ ಗುಳಿಗೆಯನ್ನೇ ಅರೆದು ಬೆರೆಸಿದ್ದು ಸಿಕ್ಕಿಬಿದ್ದದ್ದಿದೆ.

ವಾಂತಿ, ಏದುಸಿರು, ಎಚ್ಚರ ತಪ್ಪುವಂಥ ಮಂಪರು ಕಂಡರೆ ಬೆಳಗಾಗಲಿ ಅನ್ನದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ, ಅವರು ಬರೆದುಕೊಟ್ಟರೆ ರಾಯಚೂರಿನ ರಿಮ್ಸ್‌ಗೆ. ಇನ್ನೊಂದು ಮಾತು: ಶುಗರ್ ಇದ್ದವರಿಗೆ ಕಾಲಿನ ಗಾಯ ಗೊತ್ತೇ ಆಗದಿರಬಹುದು. ಮಾವನವರು ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ಓಡಾಡುವವರಿರಬಹುದು. ಇವತ್ತು ಸಂಜೆ ಕಾಲು ತೊಳೆದ ಮೇಲೆ ಅವರ ಅಂಗಾಲು, ಬೆರಳಸಂದು ನೋಡಲು ನಿನ್ನ ಗಂಡನಿಗೆ ಹೇಳು.